ರಜೆ ಕೇಳದ ನೌಕರನಿಗೆ ಕೆಲಸ ಕೊಡುವವರಿಲ್ಲ

ಉತ್ತರ ಕನ್ನಡ ಜಿಲ್ಲೆಯಲ್ಲಿ ಒಬ್ಬ ನೌಕರನಿದ್ದಾನೆ. ಸೃಷ್ಟಿಯಾದಂದಿನಿಂದ ಸೇವೆಯಲ್ಲಿದ್ದಾನೆ, ಇಲ್ಲಿಯತನಕ ಒಂದೇ ಒಂದು ಸಿಎಲ್ ಹಾಕಿದವನಲ್ಲ. ಟಿಎ ಬಿಲ್ಲು ಬರೆದವನಲ್ಲ, ವರ್ಗಾವಣೆಗೆಂದು ಶಾಸಕರ ಪತ್ರ ಹಿಡಿದು ಓಡಾಡಿದವನಲ್ಲ. ಅವನಿಂದಾಗಿಯೇ ಜೋಗದಲ್ಲಿ ಶರಾವತಿ ಕೆಳಗೆ ಬೀಳುತ್ತಾಳೆ, ಗೇರುಸೊಪ್ಪದಲ್ಲಿ 240 ಮೆಗಾವಾಟಿನ ಟರ್ಬೈನುಗಳು ತಿರುಗುತ್ತವೆ, ಹೊನ್ನಾವರದ ತೆಂಗಿನಕಾಯಿ ಪಕ್ಕದ ಮನೆಯ ಹೆಂಚಿನ ಮೇಲೇ ಬಿದ್ದು ಎರಡು ತಲೆಮಾರಿಗೆ ಸಾಕಾಗುವಷ್ಟು ವ್ಯಾಜ್ಯ ಹುಟ್ಟುತ್ತದೆ. ಹೆಸರು ಗುರುತ್ವಾಕರ್ಷಣೆ. ಅವನಿಗೊಬ್ಬ ತಮ್ಮನೂ ಇದ್ದಾನೆ. ಬಿಸಿಯಾದ ನೀರು ಮೇಲೇರಬೇಕು, ತಣಿದ ನೀರು ಕೆಳಗಿಳಿಯಬೇಕು ಎಂದು ನೋಡಿಕೊಳ್ಳುವುದು ಈ ತಮ್ಮನ ಕೆಲಸ.

ಇವರಿಬ್ಬರನ್ನೂ ಒಂದು ಕೊಳವೆಯ ಸುತ್ತಿನೊಳಗೆ ಬಿಟ್ಟರೆ ಪಂಪು ಬೇಡ, ಕರೆಂಟು ಬೇಡ, ಸ್ವಿಚ್ಚು ಒತ್ತುವ ಮನುಷ್ಯನೂ ಬೇಡ. ಕೆಳಗೆ ಕಾದ ನೀರು ಹಗುರಾಗಿ ಏರುತ್ತದೆ, ಮೇಲೆ ಬಿಸಿಯನ್ನು ಬಿಟ್ಟುಕೊಟ್ಟು ಭಾರವಾಗಿ ಇಳಿಯುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ಏರುತ್ತದೆ. ಎಂಜಿನಿಯರುಗಳು ಇದಕ್ಕೆ ಥರ್ಮೋಸೈಫನ್ ಎನ್ನುತ್ತಾರೆ. ಹೀಗೆ ತನ್ನಷ್ಟಕ್ಕೆ ತಾನೇ ತಣಿಸುವ ಏರ್ಪಾಡುಗಳಿಗೆಲ್ಲ ಸೇರಿ ಪ್ಯಾಸಿವ್ ಕೂಲಿಂಗ್ ಎಂದು ಹೆಸರು. ಇಷ್ಟು ನಿಷ್ಠಾವಂತ, ಇಷ್ಟು ಅಗ್ಗದ ನೌಕರರು ಸಿಕ್ಕರೆ ಯಾವ ಕಾರ್ಖಾನೆಯಾದರೂ ಬಾಚಿ ತಬ್ಬಿಕೊಳ್ಳಬೇಕಿತ್ತಲ್ಲ? ತಬ್ಬಿಕೊಳ್ಳುವುದಿಲ್ಲ. ಕಾರಣ ತಿಳಿಯಬೇಕಾದರೆ ಮೊದಲು ಕಾರ್ಖಾನೆಯ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ನೋಡಬೇಕು.

ಕುಮಟಾ, ಹೊನ್ನಾವರದ ಕಡೆ ಆಲೆಮನೆ ನೋಡಿದವರಿಗೆ ಅರ್ಧ ವಿಷಯ ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ನೊರೆ ಉಕ್ಕಿ ಅಂಚಿಗೆ ಬರುತ್ತದೆ. ಒಲೆಯ ಬಾಯಲ್ಲಿ ಕೂತವನು ಬಾಯಲ್ಲಿದ್ದ ಕವಳ ಉಗುಳುವುದಕ್ಕೂ ಪುರುಸೊತ್ತಿಲ್ಲದೆ ಉರಿಯನ್ನು ಹಿಂದಕ್ಕೆಳೆಯುತ್ತಾನೆ. ನೊರೆ ಇಳಿಯುತ್ತದೆ, ಬೆಲ್ಲ ಉಳಿಯುತ್ತದೆ. ಬೆಂಕಿ ಹೊರಗಿದೆ, ಹಾಗಾಗಿ ಎಳೆಯಲು ಬರುತ್ತದೆ. ರಾಸಾಯನಿಕ ರಿಯಾಕ್ಟರಿನಲ್ಲಿ ಆ ಉರಿ ಹಾಲಿನ ಒಳಗೇ ಇರುತ್ತದೆ. ಎರಡು ದ್ರವ್ಯ ಕೂಡಿ ಮೂರನೆಯದು ಹುಟ್ಟುವಾಗ ಬಿಸಿ ತಾನಾಗಿ ಹೊಮ್ಮುತ್ತದೆ. ಬಿಸಿ ಏರಿದಂತೆ ಕ್ರಿಯೆಯ ವೇಗ ಏರುತ್ತದೆ, ವೇಗ ಏರಿದಂತೆ ಇನ್ನಷ್ಟು ಬಿಸಿ. ಪ್ರತಿ ಹತ್ತು ಡಿಗ್ರಿಗೆ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದವರ ಕೈಲೆಕ್ಕ. ಆದರೆ ರಿಯಾಕ್ಟರಿನ ಸುತ್ತ ಹರಿಯುವ ತಣ್ಣೀರು ಬಿಸಿಯನ್ನು ಹೊತ್ತೊಯ್ಯುವ ಶಕ್ತಿ ಹಾಗೆ ಇಮ್ಮಡಿಯಾಗುವುದಿಲ್ಲ. ಸರಕಾರಿ ತುಟ್ಟಿಭತ್ಯೆಯ ಹಾಗೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಒಂದು ಹಂತ ದಾಟಿದ ಮೇಲೆ ಎಳೆಯಲು ಉರಿಯೇ ಇರುವುದಿಲ್ಲ, ಓಡಲು ದಾರಿಯಷ್ಟೇ ಇರುತ್ತದೆ.

ಇನ್ನೊಂದು ಕುತಂತ್ರ ಗಾತ್ರದ್ದು. ಪಾತ್ರೆಯ ಉದ್ದ, ಅಗಲ, ಎತ್ತರ ಎಲ್ಲವನ್ನೂ ಹತ್ತು ಪಟ್ಟು ಹೆಚ್ಚಿಸಿದರೆ ಒಳಗಿನ ಸರಕು ಸಾವಿರ ಪಟ್ಟಾಗುತ್ತದೆ, ಬಿಸಿ ಹೊರಹೋಗಬೇಕಾದ ಮೈ ಮಾತ್ರ ನೂರು ಪಟ್ಟು. ಆದ್ದರಿಂದ ಪ್ರಯೋಗಾಲಯದ ಗಾಜಿನ ಬುರುಡೆಯಲ್ಲಿ ಸಾಧುವಾಗಿದ್ದ ಕ್ರಿಯೆಯೇ ಕಾರ್ಖಾನೆಯ ಹತ್ತು ಸಾವಿರ ಲೀಟರಿನ ಪಾತ್ರೆಗೆ ಬಂದಾಗ ರೌಡಿಯಾಗುತ್ತದೆ. ಕಾಲೇಜಿನಲ್ಲಿ ಬಾಯಿಯೇ ಬಿಡದಿದ್ದ ಹುಡುಗ ಚುನಾವಣೆಗೆ ನಿಂತ ಮೇಲೆ ಮೈಕು ಬಿಡದಿರುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ.

ಈ ರೌಡಿಯನ್ನು ಹಿಡಿದಿಡಲು ನಾವು ನೇಮಿಸಿಕೊಂಡವರು ಯಾರು? ಪಂಪು, ಶೀತಲಯಂತ್ರ, ಡೀಸೆಲ್ ಜನರೇಟರ್, ಅಲಾರಾಂ, ಮತ್ತು ಇವೆಲ್ಲದರ ಮೇಲೊಬ್ಬ ಮ್ಯಾನೇಜರು. ಇವರ ಸೇವಾಪುಸ್ತಕವನ್ನು ಸ್ವಲ್ಪ ತೆರೆದು ನೋಡೋಣ.

ಮೊದಲ ಪುಟ ಭೋಪಾಲ. ಯೂನಿಯನ್ ಕಾರ್ಬೈಡಿನ ಇ-610 ಟ್ಯಾಂಕಿನಲ್ಲಿ ನಲವತ್ತು ಟನ್ನಿಗೂ ಮಿಕ್ಕಿ ಮೀಥೈಲ್ ಐಸೊಸಯನೇಟ್ ಇತ್ತು. 39 ಡಿಗ್ರಿಗೇ ಕುದಿಯುವ ವಸ್ತು ಅದು, ಸೊನ್ನೆಯ ಹತ್ತಿರ ಇಟ್ಟಿರಬೇಕಾದದ್ದು. ತಣ್ಣಗಿಡಲೆಂದೇ ಶೀತಲಯಂತ್ರವೊಂದಿತ್ತು. 1984ರ ಜೂನಿನಲ್ಲಿ ಅದನ್ನು ನಿಲ್ಲಿಸಿದರು. ಖರ್ಚು ಉಳಿಯಿತು! ವಿಷಾನಿಲವನ್ನು ತೊಳೆಯಬೇಕಿದ್ದ ಸ್ಕ್ರಬರ್ ವಿಶ್ರಾಂತಿಯಲ್ಲಿತ್ತು, ಸುಡಬೇಕಿದ್ದ ಫ್ಲೇರ್ ಗೋಪುರದ ಕೊಳವೆ ರಿಪೇರಿಗೆಂದು ಬಿಚ್ಚಿಕೊಂಡಿತ್ತು. ಆ ಡಿಸೆಂಬರ್ 2ರ ರಾತ್ರಿ ಟ್ಯಾಂಕಿಗೆ ನೀರು ನುಗ್ಗಿದಾಗ ಮೂವರು ಕಾವಲುಗಾರರ ಹೆಸರೂ ಹಾಜರಿ ಪುಸ್ತಕದಲ್ಲಿತ್ತು, ಕೆಲಸದ ಜಾಗದಲ್ಲಿ ಒಬ್ಬನೂ ಇರಲಿಲ್ಲ. ಇಂಥದ್ದನ್ನು ನಾವು ತಾಲ್ಲೂಕು ಕಚೇರಿಯಲ್ಲಿ ದಿನವೂ ನೋಡುತ್ತೇವೆ. ಅಲ್ಲಿ ಪಹಣಿ ತಡವಾಗುತ್ತದೆ, ಭೋಪಾಲದಲ್ಲಿ ಬೆಳಗಾಗುವುದರೊಳಗೆ ಸಾವಿರಾರು ಜನ ಸತ್ತರು.

ಎರಡನೇ ಪುಟ ವಿಶಾಖಪಟ್ಟಣ, 2020ರ ಮೇ 7. ಲಾಕ್‌ಡೌನಿನಲ್ಲಿ ಮುಚ್ಚಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಲ್ಲಿ ಸ್ಟೈರೀನ್ ತುಂಬಿತ್ತು. ಸ್ಟೈರೀನಿಗೆ ಲಾಕ್‌ಡೌನ್ ಆದೇಶ ತಲುಪಿರಲಿಲ್ಲ, ಅದು ತನ್ನ ಕ್ರಿಯೆ ಮುಂದುವರಿಸಿತು. ಶೀತಲಯಂತ್ರವನ್ನು ರಾತ್ರಿಹೊತ್ತು ನಿಲ್ಲಿಸುವ ಪದ್ಧತಿಯಿತ್ತು ಎಂದು ತನಿಖಾ ಸಮಿತಿ ಹೇಳಿತು. ಅಂದರೆ ರಸಾಯನಕ್ಕೂ ಆಫೀಸ್ ಟೈಮಿಂಗ್! ಸಂಜೆಯಾದ ಮೇಲೆ ಬಿಸಿಯಾಗುವಂತಿಲ್ಲ, ಬಿಸಿಯಾಗಲೇಬೇಕಿದ್ದರೆ ನಾಳೆ ಬೆಳಿಗ್ಗೆ ಅರ್ಜಿ ಹಿಡಿದು ಬರಬೇಕು. ತಾಪಮಾನ ಅಳೆಯುವ ಸಾಧನ ಟ್ಯಾಂಕಿನ ತಳದಲ್ಲಿ ಕೂತಿತ್ತು. ಬಿಸಿಯಾದ ದ್ರವ ಮೇಲ್ಪದರದಲ್ಲಿತ್ತು. ತಮ್ಮನು ತನ್ನ ಕೆಲಸ ಚಾಚೂ ತಪ್ಪದೆ ಮಾಡಿ ಬಿಸಿಯನ್ನು ಮೇಲಕ್ಕೆ ಕಳಿಸಿದ್ದ, ನಾವು ಕೆಳಗೆ ಕಣ್ಣಿಟ್ಟು ಎಲ್ಲ ತಣ್ಣಗಿದೆ ಎಂದು ಬರೆದುಕೊಂಡೆವು. ಹನ್ನೆರಡು ಜನ ಹೋದರು. ಸೈರನ್ ಮೊಳಗಲಿಲ್ಲ.

ವಿದೇಶದಲ್ಲಾದರೂ ಬುದ್ಧಿವಂತರಿದ್ದಾರು ಎಂದುಕೊಂಡರೆ ಮೂರನೇ ಪುಟ ಅಮೆರಿಕದ ಫ್ಲೋರಿಡಾದ್ದು. ಜಾಕ್ಸನ್‌ವಿಲ್‌ನ ಟಿ-2 ಲ್ಯಾಬೊರೇಟರೀಸ್, 2007ರ ಡಿಸೆಂಬರ್ 19. ಅಲ್ಲಿ ರಿಯಾಕ್ಟರನ್ನು ತಣಿಸುತ್ತಿದ್ದದ್ದು ಊರಿನ ನಲ್ಲಿ ನೀರು. ಒಂದೇ ಕೊಳವೆಸಾಲು, ಬದಲಿ ವ್ಯವಸ್ಥೆ ಇಲ್ಲ. 174 ಸಲ ನೀರು ಬಂತು, 175ನೇ ಸಲ ತಣ್ಣೀರಿನ ವ್ಯವಸ್ಥೆ ಕೈಕೊಟ್ಟಿತು. ನಾಲ್ವರು ಸತ್ತರು. ಭಟ್ಕಳ, ಕುಮಟಾ ಪಟ್ಟಣಗಳಲ್ಲಿ ಏಪ್ರಿಲ್ ತಿಂಗಳ ನಲ್ಲಿ ಮುಂದೆ ಕೊಡ ಇಟ್ಟು ಕೂತ ಹೆಂಗಸರನ್ನು ಕೇಳಿದ್ದರೆ ಆ ವಿನ್ಯಾಸವನ್ನು ನಕಾಶೆಯಲ್ಲೇ ಹರಿದು ಹಾಕುತ್ತಿದ್ದರು. ಆದರೆ ಸುರಕ್ಷತಾ ಸಮಿತಿಗಳಲ್ಲಿ ಕೊಡ ಹಿಡಿದವರಿಗೆ ಕುರ್ಚಿ ಹಾಕುವ ಪದ್ಧತಿ ಅಮೆರಿಕದಲ್ಲೂ ಇಲ್ಲ.

ಮೂರೂ ಪುಟಗಳಲ್ಲಿ ಸಂಬಳದ ನೌಕರರು ಕೆಲಸ ಬಿಟ್ಟು ಹೋದದ್ದೇ ಕಥೆ. ಹೀಗಿದ್ದೂ ಸಂಬಳವಿಲ್ಲದ ಅಣ್ಣತಮ್ಮಂದಿರಿಗೆ ಯಾಕೆ ನೇಮಕಾತಿ ಸಿಗುವುದಿಲ್ಲ? ಒಂದು ಸಂದರ್ಶನ ಹೀಗೆ ನಡೆಯುತ್ತದೆಂದು ಊಹಿಸಿಕೊಳ್ಳಿ. ಮೇಜಿನ ಆಚೆ ಅಧ್ಯಕ್ಷರು, ಖರೀದಿ ವಿಭಾಗದವರು, ಲೆಕ್ಕಪತ್ರದವರು. ಈಚೆ ಗುರುತ್ವಾಕರ್ಷಣೆ.

"ವಿದ್ಯಾರ್ಹತೆ?"

"ನ್ಯೂಟನ್ ಸಾಹೇಬರು 1687ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಇದೆ."

"ಅಟೆಸ್ಟ್ ಆಗಿದೆಯಾ?"

"1915ರಲ್ಲಿ ಐನ್‌ಸ್ಟೈನ್ ಅವರು ತಿದ್ದುಪಡಿ ಮಾಡಿ ಸಹಿ ಹಾಕಿದ್ದಾರೆ."

"ಅವರು ಗೆಜೆಟೆಡ್ ಅಧಿಕಾರಿಯಾ?"

"ಮೊದಲು ಪೇಟೆಂಟ್ ಕಚೇರಿಯಲ್ಲಿ ಸಣ್ಣ ಹುದ್ದೆಯಲ್ಲಿದ್ದರು."

"ಅದು ನಡೆಯುವುದಿಲ್ಲ. ಇರಲಿ, ನಿಮ್ಮ ಬೇಡಿಕೆ ಏನು?"

"ಸ್ವಲ್ಪ ಎತ್ತರ ಬೇಕು. ರಿಯಾಕ್ಟರಿಗಿಂತ ಮೇಲೆ ಒಂದು ನೀರಿನ ಟ್ಯಾಂಕು. ಕರೆಂಟು ಹೋದ ಕೂಡಲೇ ತಾನಾಗಿ ತೆರೆದುಕೊಳ್ಳುವ ಒಂದು ವಾಲ್ವು. ಅಷ್ಟಿದ್ದರೆ ಹೊರಕವಚದ ತುಂಬ ತಣ್ಣೀರು ಇಳಿಸುವ ಹೊಣೆ ನನ್ನದು. ಕೆಳಗೆ ಒಂದು ದೊಡ್ಡ ತೊಟ್ಟಿ ಕಟ್ಟಿ, ಒಳಗಿನ ಕ್ರಿಯೆಯನ್ನು ಕೊಲ್ಲುವ ತಣ್ಣನೆಯ ದ್ರವ ತುಂಬಿಡಿ. ತೀರಾ ಮಿತಿಮೀರಿದರೆ ಎಲ್ಲವನ್ನೂ ಅದಕ್ಕೆ ಸುರಿದುಬಿಡುತ್ತೇನೆ."

"ಡೀಸೆಲ್ ಎಷ್ಟು ಬೇಕಾಗಬಹುದು?"

"ಬೇಡ ಸ್ವಾಮಿ."

ಖರೀದಿ ವಿಭಾಗದವರ ಮುಖ ಸಪ್ಪಗಾಯಿತು. "ವಾರ್ಷಿಕ ನಿರ್ವಹಣಾ ಗುತ್ತಿಗೆ?"

"ಆಗಾಗ ವಾಲ್ವು ತೆರೆದು ನೋಡಿ, ಕೊಳವೆಯಲ್ಲಿ ಹೂಳಿದ್ದರೆ ತೆಗೆಸಿ. ಸಾಕು."

"ಬಿಡಿಭಾಗ? ಅಪ್‌ಗ್ರೇಡ್? ಸಾಫ್ಟ್‌ವೇರ್ ಲೈಸೆನ್ಸ್?"

"ಏನೂ ಇಲ್ಲ."

ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಉದ್ಘಾಟನೆಯ ದಿನ ಮಾನ್ಯ ಸಚಿವರು ಯಾವ ಬಟನ್ ಒತ್ತಬೇಕು?"

"ಬಟನ್ನೇ ಇಲ್ಲ ಸ್ವಾಮಿ."

ಅಲ್ಲಿಗೆ ಸಂದರ್ಶನ ಮುಗಿಯಿತು. 'ಅಭ್ಯರ್ಥಿಯ ಕಾರ್ಯಕ್ಷಮತೆ ತೃಪ್ತಿಕರ. ಆದರೆ ಇಲಾಖೆಯ ಅಗತ್ಯಗಳಿಗೆ ಹೊಂದಿಕೆಯಾಗುವುದಿಲ್ಲ' ಎಂದು ಹಿಂಬರಹ ಹೋಯಿತು. ಬಟನ್ ಇಲ್ಲದ, ಬಿಲ್ ಇಲ್ಲದ ಸುರಕ್ಷತೆಗೆ ಈ ದೇಶದಲ್ಲಿ ವಾರಸುದಾರರಿಲ್ಲ.

ಆದರೆ ಇದೇ ಅಭ್ಯರ್ಥಿ ಒಂದು ರಾತ್ರಿ ದೇಶದ ಮಾನ ಕಾಪಾಡಿದ್ದಾನೆ. 1993ರ ಮಾರ್ಚ್ 31, ಉತ್ತರ ಪ್ರದೇಶದ ನರೋರಾ ಅಣು ವಿದ್ಯುತ್ ಸ್ಥಾವರ. ಟರ್ಬೈನಿನ ಅಲಗು ಮುರಿದು ಬೆಂಕಿ ಎದ್ದಿತು, ಕೇಬಲ್‌ಗಳು ಸುಟ್ಟವು, ಇಡೀ ಸ್ಥಾವರದ ಕರೆಂಟು ಹೋಯಿತು. ಹೋದದ್ದು ಸುಮಾರು ಹದಿನೇಳು ತಾಸು ಬರಲೇ ಇಲ್ಲ. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿ ಸಿಬ್ಬಂದಿ ಹೊರಬರಬೇಕಾಯಿತು. ರಿಯಾಕ್ಟರನ್ನು ಅಷ್ಟರಲ್ಲಿ ನಿಲ್ಲಿಸಿದ್ದರು, ಬಿಸಿ ನಿಂತಿರಲಿಲ್ಲ. 220 ಮೆಗಾವಾಟ್ ವಿದ್ಯುತ್ ಕೊಡುವ ರಿಯಾಕ್ಟರಿನೊಳಗೆ 700 ಮೆಗಾವಾಟಿಗೂ ಮಿಕ್ಕಿದ ಶಾಖ ಹುಟ್ಟುತ್ತಿರುತ್ತದೆ. ಆರಿಸಿದ ಕ್ಷಣದಲ್ಲೂ ಅದರ ಶೇಕಡಾ ಆರೇಳರಷ್ಟು ಉಳಿಯುತ್ತದೆ. ಅದನ್ನು ಹೊತ್ತೊಯ್ಯುವ ಪಂಪುಗಳೆಲ್ಲ ಸತ್ತು ಮಲಗಿದ್ದವು. ಆಗ ಕೆಲಸಕ್ಕೆ ಬಂದವನು ತಮ್ಮ. ಸ್ಟೀಮ್ ಜನರೇಟರುಗಳು ರಿಯಾಕ್ಟರಿಗಿಂತ ಎತ್ತರದಲ್ಲಿದ್ದುದರಿಂದ ಒಳಗಿನ ಬಿಸಿ ಭಾರಜಲ ತಾನಾಗಿ ಅಲ್ಲಿಗೆ ಏರಿತು, ತಣಿದು ಇಳಿಯಿತು. ಹೊರಗಿನಿಂದ ಡೀಸೆಲ್ ಅಗ್ನಿಶಾಮಕ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ರಿಯಾಕ್ಟರಿನಲ್ಲಿ ಕ್ರಿಯೆ ಮತ್ತೆ ಶುರುವಾಗದಿರಲೆಂದು ಕೆಲವರು ಕತ್ತಲಲ್ಲಿ ಟಾರ್ಚ್ ಹಿಡಿದು ಕಟ್ಟಡದ ಮೇಲೆ ಹತ್ತಿ ಬೋರಾನ್ ದ್ರಾವಣದ ವಾಲ್ವು ತಿರುವಿದರು. ಆ ದ್ರಾವಣವೂ ಕೆಳಗಿಳಿದದ್ದು ಅಣ್ಣನ ದಯೆಯಿಂದ. ವಿಕಿರಣ ಹೊರಗೆ ಬರಲಿಲ್ಲ. ಟಾರ್ಚ್ ಹಿಡಿದವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ, ಯಾಕೆಂದರೆ ಅಂದು ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡವರಿಗೆ ಶಾಲು ಹೊದೆಸುವ ಸಂಪ್ರದಾಯ ನಮ್ಮಲ್ಲಿಲ್ಲ.

ನರೋರಾದ ವಂಶದ್ದೇ ನಮ್ಮ ಜಿಲ್ಲೆಯ ಕೈಗಾ ಅಣು ಸ್ಥಾವರ, ಅದೇ 220 ಮೆಗಾವಾಟಿನ ನಾಲ್ಕು ಘಟಕಗಳು. ಅದು ಬೇಡವೆಂದು ಹೇಳಲು ಕೋಟ ಶಿವರಾಮ ಕಾರಂತರು 1989ರಲ್ಲಿ ಇದೇ ಲೋಕಸಭಾ ಕ್ಷೇತ್ರದಿಂದ ಚುನಾವಣೆಗೆ ನಿಂತರು. ಭಟ್ಕಳದಿಂದ ಕಾರವಾರದವರೆಗೆ ನಾವು ಗೌರವದಿಂದ ಭಾಷಣ ಕೇಳಿದೆವು, ಕೈ ಮುಗಿದೆವು, ಸೋಲಿಸಿ ಕಳಿಸಿದೆವು. ಐದು ವರ್ಷ ಕಳೆದು 1994ರ ಮೇ 13ರಂದು ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿತ್ತು. ಗುರುತ್ವಾಕರ್ಷಣೆ ತನ್ನ ಅರ್ಜಿಯನ್ನು ಖುದ್ದಾಗಿ ಸಲ್ಲಿಸಿದ ದಿನ ಅದು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಒಂದನೇ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಬರೆಯಿತು. ಕೈಗಾದಲ್ಲಿ ಸುದ್ದಿಯಾದ ಶೀತಲ ವ್ಯವಸ್ಥೆಯ ಅವಘಡ ಎಂದರೆ 2009ರ ನವೆಂಬರಿನದ್ದು. ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ನೌಕರರು ಕುಡಿಯುವ ವಾಟರ್ ಕೂಲರಿಗೇ ಸುರಿದರು! ಐವತ್ತಕ್ಕೂ ಹೆಚ್ಚು ಜನರ ಮೂತ್ರದಲ್ಲಿ ಟ್ರಿಟಿಯಂ ಕಂಡಿತು. ರಿಯಾಕ್ಟರಿಗೆ ಐದು ಸುತ್ತಿನ ಕೋಟೆ ಕಟ್ಟಿದವರು ಕುಡಿಯುವ ನೀರಿನ ನಲ್ಲಿಗೆ ಒಂದು ಬೀಗ ಹಾಕಿರಲಿಲ್ಲ.

ಈಗ ಬರಲಿರುವ 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟಿನವು. ಇವುಗಳ ವಿನ್ಯಾಸದಲ್ಲಿ ನಮ್ಮ ಅಭ್ಯರ್ಥಿಗೆ ಕೊನೆಗೂ ಖಾಯಂ ಹುದ್ದೆ ಸಿಕ್ಕಿದೆ. ಎಲ್ಲ ಕರೆಂಟು ಹೋದರೂ ಸ್ಟೀಮ್ ಜನರೇಟರಿನ ಉಗಿ ತಾನಾಗಿ ಮೇಲಿನ ನೀರಿನ ತೊಟ್ಟಿಗಳಲ್ಲಿ ಮುಳುಗಿದ ಕಂಡೆನ್ಸರಿಗೆ ಏರುತ್ತದೆ, ಅಲ್ಲಿ ನೀರಾಗಿ ಗುರುತ್ವದಿಂದಲೇ ಕೆಳಗಿಳಿಯುತ್ತದೆ. ನರೋರಾದಲ್ಲಿ ಡೀಸೆಲ್ ಪಂಪು ಮಾಡಿದ ಪಾಲನ್ನೂ ಇಲ್ಲಿ ಎತ್ತರವೇ ಮಾಡುತ್ತದೆ. ಆ ತೊಟ್ಟಿಯ ನೀರು ಆವಿಯಾಗಿ ಮುಗಿಯುವ ತನಕ ಉಸಿರಾಡಲು ಸಮಯ ಸಿಗುತ್ತದೆ. ಅಣು ಸ್ಥಾವರಗಳಲ್ಲಿ ಈ ಬುದ್ಧಿ ಗಟ್ಟಿಯಾಗಲು ಜಗತ್ತಿನಲ್ಲಿ ದೊಡ್ಡ ಅಪಘಾತಗಳು ಬೇಕಾದವು. ರಾಸಾಯನಿಕ ಕಾರ್ಖಾನೆಗಳಿಗೆ ಎಷ್ಟು ಬೇಕೋ, ಎಣಿಕೆ ಇನ್ನೂ ಮುಗಿದಿಲ್ಲ.

"ಅದೆಲ್ಲ ಕಾರವಾರ ತಾಲ್ಲೂಕಿನ ಮಾತಾಯಿತು. ಕೈಗಾ ಅಲ್ಲಿ, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಅಲ್ಲಿ. ನಮ್ಮ ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಏನಿದೆ ಮಾರಾಯ್ರೆ, ಮೀನು, ಮಲ್ಲಿಗೆ, ಅಡಿಕೆ" ಎನ್ನುವವರಿದ್ದಾರೆ. ನಿಜ, ನಮ್ಮಲ್ಲಿ ದೊಡ್ಡ ರಿಯಾಕ್ಟರಿಲ್ಲ. ಇರಬೇಕಾದ ಅಗತ್ಯವೂ ಇಲ್ಲ, ಅವುಗಳ ಸರಕು ಹಗಲಿರುಳೂ ನಮ್ಮ ಮನೆಯಂಗಳದಲ್ಲೇ ಓಡುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ನಿಂತು ನೋಡಿ. ಹದಿನೇಳು ಹದಿನೆಂಟು ಟನ್ ಅಡುಗೆ ಅನಿಲ ತುಂಬಿದ ಬುಲೆಟ್ ಟ್ಯಾಂಕರು ಶರಾವತಿ ಸೇತುವೆ ದಾಟಿ, ಮುಗಿಯದ ಚತುಷ್ಪಥದ ಡೈವರ್ಶನ್ನಿನಲ್ಲಿ ಓಲಾಡಿಕೊಂಡು ಹೋಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಅಂಥದ್ದೊಂದು ಉರುಳಿ ಹೊತ್ತಿಕೊಂಡಿತು. ಗ್ಯಾಸ್ ಬುಕ್ ಮಾಡಿರದ ಮನೆಗಳಿಗೂ ಅಂದು ಗ್ಯಾಸ್ ಬಂತು. ಸುಟ್ಟ ಗಾಯದವರನ್ನು ಹೊತ್ತ ಆಂಬುಲೆನ್ಸುಗಳು ಜಿಲ್ಲೆ ದಾಟಿ ಓಡಿದವು, ಯಾಕೆಂದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಈ ಜಿಲ್ಲೆಗೆ ಪ್ರತಿ ಚುನಾವಣೆಯಲ್ಲೂ ಮಂಜೂರಾಗುತ್ತದೆ, ಮತ ಎಣಿಕೆಯ ದಿನ ರದ್ದಾಗುತ್ತದೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಜರಿದು ಅನಿಲ ಟ್ಯಾಂಕರನ್ನು ಗಂಗಾವಳಿಗೆ ನೂಕಿತು. ಅದು ತೇಲಿಕೊಂಡು ಹೋಗುತ್ತಿದ್ದುದನ್ನು ಎರಡೂ ದಡದವರು ಜೀವ ಕೈಯಲ್ಲಿ ಹಿಡಿದು ನೋಡಿದರು.

ಇಲ್ಲೂ ತಣ್ಣಗಿಡುವ ಉಪಾಯ ಇಲ್ಲದೇನಿಲ್ಲ. ಅಮೆರಿಕದಲ್ಲಿ ರೈಲಿನ ಅನಿಲ ಟ್ಯಾಂಕರುಗಳು ಸಾಲಾಗಿ ಸಿಡಿದ ಮೇಲೆ, 1970ರ ದಶಕದಲ್ಲೇ ಅವುಗಳ ಮೈಗೆ ಶಾಖ ತಡೆಯುವ ಹೊದಿಕೆಯನ್ನು ಕಡ್ಡಾಯ ಮಾಡಿದರು. ಸುತ್ತ ಬೆಂಕಿ ಬಿದ್ದರೂ ಉಕ್ಕಿನ ಕವಚ ಬೇಗ ಮೆತ್ತಗಾಗದಂತೆ ಅದು ತಡೆಯುತ್ತದೆ. ಓಡಿಹೋಗಲು ಜನರಿಗೆ ಸಮಯ ಸಿಗುತ್ತದೆ. ನಮ್ಮ ಹೆದ್ದಾರಿಯ ಟ್ಯಾಂಕರುಗಳಿಗೆ ಹಿಂಬದಿಯಲ್ಲಿ 'ಅಪಾಯ' ಎಂದು ಬರೆಯುವ ರಕ್ಷಣೆಯಿದೆ. ಮಳೆಗಾಲದಲ್ಲಿ ಅದರ ಮೇಲೂ ಕೆಸರು ಕೂತಿರುತ್ತದೆ.

ಬಂದರಿನ ಕಡೆ ಬನ್ನಿ. ಮೀನಿಗೆ ಐಸ್ ಬೇಕು, ಐಸ್ ಪ್ಲಾಂಟಿಗೆ ಅಮೋನಿಯಾ ಬೇಕು. ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿದು ಆವಿಯಾಗುವ ಆ ವಸ್ತು ನಮ್ಮ ಸೆಕೆಯಲ್ಲಿ ಕೊಳವೆಯೊಳಗೆ ಒತ್ತಡ ಕಟ್ಟಿಕೊಂಡು ಕೂತಿರುತ್ತದೆ. ಪುಣ್ಯಕ್ಕೆ ಐಸ್ ಪ್ಲಾಂಟಿನ ದೊಡ್ಡ ಉಪ್ಪುನೀರಿನ ತೊಟ್ಟಿ ಕರೆಂಟು ಹೋದರೂ ತಾಸುಗಟ್ಟಲೆ ಥಂಡಿಯನ್ನು ಹಿಡಿದಿಡುತ್ತದೆ. ಯಾವ ಸಮಿತಿಯೂ ಉದ್ಘಾಟಿಸದ ಪ್ಯಾಸಿವ್ ಕೂಲಿಂಗ್ ಅದು. ಬಂಗುಡೆಗೆ ಸಿಕ್ಕ ಈ ಭದ್ರತೆ ಭೋಪಾಲದ ಜನಕ್ಕೆ ಸಿಕ್ಕಿರಲಿಲ್ಲ.

ಸಮಿತಿ ಎಂದಾಗ ನೆನಪಾಯಿತು. ಭೋಪಾಲದ ನಂತರ ನಾವು ಕೈಕಟ್ಟಿ ಕೂರಲಿಲ್ಲ, ನಿಯಮ ಮಾಡಿದೆವು. 1996ರ ರಾಸಾಯನಿಕ ಅಪಘಾತಗಳ ನಿಯಮದ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ಗುಂಪು ಇರಬೇಕು, ಅದು ನಲವತ್ತೈದು ದಿನಕ್ಕೊಮ್ಮೆ ಸೇರಬೇಕು. ಒಳ್ಳೆಯ ನಿಯಮವೇ. ಆದರೆ ಓಟಕ್ಕೆ ಬಿದ್ದ ರಾಸಾಯನಿಕ ಕ್ರಿಯೆ ಹುಚ್ಚೆದ್ದು ಸಿಡಿಯಲು ಕೆಲವೇ ನಿಮಿಷ ಸಾಕು. ನಿಮಿಷಕ್ಕೂ ನಲವತ್ತೈದು ದಿನಕ್ಕೂ ಮಧ್ಯೆ ಇರುವ ಕಂದಕವನ್ನು ಗೋಡಂಬಿ, ಚಾ ಮತ್ತು ಹಿಂದಿನ ಸಭೆಯ ನಡಾವಳಿಯಿಂದ ತುಂಬಲಾಗುವುದಿಲ್ಲ. ಆ ನಿಮಿಷಗಳಲ್ಲಿ ಸ್ಥಳದಲ್ಲೇ ಇರುವ ಏಕೈಕ ಅಧಿಕಾರಿ ಎಂದರೆ ಎತ್ತರದ ಟ್ಯಾಂಕಿನಿಂದ ಕೆಳಗೆ ಬೀಳುವ ನೀರು.

ಹಾಗೆಂದು ಅಣ್ಣತಮ್ಮಂದಿರನ್ನು ದೇವರು ಮಾಡಿ ಮಂಟಪ ಕಟ್ಟುವುದೂ ಬೇಡ. ಆ ಕೆಲಸದಲ್ಲಿ ನಾವು ನಿಸ್ಸೀಮರು ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬಿಸಿ ಮೇಲೇರುವ ನೂಕುಬಲ ತೀರಾ ಸಣ್ಣದು. ಕೊಳವೆ ಕಿರಿದಾಗಿದ್ದರೆ, ಇಳಿಜಾರು ತಪ್ಪಿದರೆ, ನಡುವೆ ಗಾಳಿಯ ಗುಳ್ಳೆ ಸೇರಿಕೊಂಡರೆ ಹರಿವು ನಿಲ್ಲುತ್ತದೆ. ಜಪಾನಿನ ಫುಕುಶಿಮಾದ ಒಂದನೇ ರಿಯಾಕ್ಟರಿನಲ್ಲೂ ಕರೆಂಟಿಲ್ಲದೆ ತಣಿಸುವ ಐಸೊಲೇಶನ್ ಕಂಡೆನ್ಸರ್ ಇತ್ತು. 2011ರ ಮಾರ್ಚ್ 11ರಂದು ಸುನಾಮಿ ಬಂದು ಎಲ್ಲ ದೀಪ ಆರಿದಾಗ ಅದರ ವಾಲ್ವು ಮುಚ್ಚಿದೆಯೋ ತೆರೆದಿದೆಯೋ ಎಂಬುದೇ ಸಿಬ್ಬಂದಿಗೆ ಗೊತ್ತಾಗಲಿಲ್ಲ. ಅದನ್ನು ನಿಜವಾಗಿ ಓಡಿಸಿ ನೋಡಿದ ಅನುಭವ ಅಲ್ಲಿದ್ದವರಿಗೆ ಇರಲಿಲ್ಲ. ನಡೆಯುತ್ತಿದೆ ಎಂದುಕೊಂಡರು, ನಡೆಯುತ್ತಿರಲಿಲ್ಲ. ಒಳ್ಳೆಯ ನೌಕರನನ್ನು ನೇಮಿಸಿಕೊಂಡು ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದರೆ ಅವನಾದರೂ ಏನು ಮಾಡಿಯಾನು?

ಇದಕ್ಕಿಂತ ಅಗ್ಗದ ಉಪಾಯವೊಂದನ್ನು ಟ್ರೆವರ್ ಕ್ಲೆಟ್ಜ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞರು ಹೇಳಿದ್ದರು. 1974ರಲ್ಲಿ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಕಾರ್ಖಾನೆ ಸಿಡಿದು 28 ಜನ ಸತ್ತ ಮೇಲೆ ಅವರು ಕೇಳಿದ್ದು ಇಷ್ಟೇ: ಇಷ್ಟೊಂದು ಅಪಾಯದ ಸರಕನ್ನು ಕೂಡಿಡುವುದಾದರೂ ಯಾಕೆ? ಟ್ಯಾಂಕಿನಲ್ಲಿ ಇಲ್ಲದ್ದು ಸೋರುವುದಿಲ್ಲ, ಸಿಡಿಯುವುದೂ ಇಲ್ಲ. ಬೇಕಾದಷ್ಟನ್ನೇ ತಯಾರಿಸಿ ಆಗಿಂದಾಗ್ಗೆ ಬಳಸಿದರೆ ತಣಿಸಬೇಕಾದದ್ದೇ ಕಡಿಮೆಯಾಗುತ್ತದೆ. ಭೋಪಾಲದಲ್ಲಿ ನಲವತ್ತು ಟನ್ ಕೂಡಿಟ್ಟು ಕಾಯಬೇಕಾದ ತುರ್ತು ಯಾವುದೂ ಇರಲಿಲ್ಲ. ದಾಸ್ತಾನು ಇತ್ತು, ಗಿರಾಕಿ ಇರಲಿಲ್ಲ, ಫ್ರಿಜ್ಜು ಓಡುತ್ತಿರಲಿಲ್ಲ.

ಅಪಘಾತದ ಮರುದಿನ ನಮ್ಮವರ ತಲೆ ತಣ್ಣಗಿರುತ್ತದೆ ಎಂಬುದನ್ನು ಮಾತ್ರ ಒಪ್ಪಬೇಕು. ಪರಿಹಾರದ ಚೆಕ್ಕು, ತನಿಖೆಯ ಆದೇಶ, ಕಟ್ಟುನಿಟ್ಟಿನ ಕ್ರಮದ ಹೇಳಿಕೆ, ಮೂರೂ ಯಾವ ಪಂಪಿಲ್ಲದೆ, ಯಾವ ಕರೆಂಟಿಲ್ಲದೆ, ತಾನಾಗಿ ಹರಿದು ಬರುತ್ತವೆ. ಆಡಳಿತವನ್ನು ತಣ್ಣಗಿಡುವ ಈ ವ್ಯವಸ್ಥೆ ಒಮ್ಮೆಯೂ ಕೆಟ್ಟದ್ದಿಲ್ಲ. ಅದರ ಅರ್ಧದಷ್ಟಾದರೂ ನಂಬಿಕಸ್ತವಾದ ಒಂದು ನೀರಿನ ಟ್ಯಾಂಕನ್ನು ಕಾರ್ಖಾನೆಯ ನೆತ್ತಿಯ ಮೇಲೆ ಇಟ್ಟಿದ್ದರೆ ಆ ಚೆಕ್ಕುಗಳನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಾಳೆ ಈ ಕರಾವಳಿಗೆ ಕಾರ್ಖಾನೆಯೋ, ಬಂದರೋ, ಅನಿಲದ ದಾಸ್ತಾನೋ ಬರಬಹುದು. ಆಗ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಶಾಮಿಯಾನ ಹಾಕುತ್ತಾರೆ, ನೀರಿನ ಬಾಟಲಿ ಕೊಡುತ್ತಾರೆ. ಎಷ್ಟು ಜನರಿಗೆ ನೌಕರಿ ಎಂದು ಖಂಡಿತ ಕೇಳಿ, ಅದು ನಮ್ಮ ಹಕ್ಕು. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಕರೆಂಟು ಹೋಗಿ, ಡೀಸೆಲ್ ಮುಗಿದು, ಸಾಹೇಬರು ಮನೆಗೆ ಹೋದ ಮೇಲೆ ನಿಮ್ಮ ಟ್ಯಾಂಕು ಎಷ್ಟು ತಾಸು ತಣ್ಣಗಿರುತ್ತದೆ? ಉತ್ತರ ತಾಸಿನ ಲೆಕ್ಕದಲ್ಲಿ, ಬರವಣಿಗೆಯಲ್ಲಿ ಬರಬೇಕು. ಭರವಸೆಯ ರೂಪದಲ್ಲಿ ಬಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಡಿ. ಆ ಸಹಿಯನ್ನೇ ನಿಮ್ಮ ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ.